ಸಂಗಾತಿಯ ತೂಕ ಇಳಿಯಬೇಕಾದರೆ ಮನೆ ಬದಲಾಗಬೇಕು

ಕಂಪನಿಯವರು ವರ್ಷಕ್ಕೊಮ್ಮೆ ಮಾಡಿಸುವ ಆರೋಗ್ಯ ತಪಾಸಣೆಯ ವರದಿ ಊಟದ ಮೇಜಿನ ಮೇಲಿದೆ. ತೂಕ 84 ಕಿಲೊ, ಎತ್ತರ 168 ಸೆಂಟಿಮೀಟರ್. ಖಾಲಿ ಹೊಟ್ಟೆಯ ಸಕ್ಕರೆ 112. ಸ್ಕ್ಯಾನಿಂಗ್ ಹಾಳೆಯ ಕೊನೆಯಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 1’. ಗಂಡ ಅದನ್ನು ನೋಡಿಯೂ ನೋಡದವನಂತೆ ಟಿ.ವಿ. ಮುಂದೆ ಕುಳಿತಿದ್ದಾನೆ. ಹೆಂಡತಿ ಒಂದೊಂದೇ ಸಾಲು ಓದುತ್ತಾಳೆ. ಅವಳಿಗೆ ಆಗುವುದು ಭಯ, ಬಾಯಿಂದ ಬರುವುದು ಸಿಟ್ಟು. “ಎಷ್ಟು ಸಲ ಬಡ್ಕೊಂಡೆ ನಾನು? ಆ ಹೊಟ್ಟೆ ನೋಡ್ಕೊಳ್ರೀ ಒಂದ್ಸಲ. ನಾಳೆಯಿಂದ ರಾತ್ರಿ ಅನ್ನ ಬಂದ್!”

ಮರುದಿನ ರಾತ್ರಿ ಎರಡು ಚಪಾತಿ ತಿಂದು ಮಾತಿಲ್ಲದೆ ಎದ್ದ ಗಂಡ, ಹತ್ತೂವರೆಗೆ ಅಡುಗೆಮನೆಗೆ ಹೋಗಿ ನಿಪ್ಪಟ್ಟಿನ ಡಬ್ಬ ತೆರೆಯುತ್ತಾನೆ. ವಾರ ಕಳೆಯುವಷ್ಟರಲ್ಲಿ ಅನ್ನವೂ ಮೇಜಿಗೆ ಮರಳುತ್ತದೆ, ಇಬ್ಬರ ನಡುವಿನ ಮುನಿಸೂ ಉಳಿಯುತ್ತದೆ. ಅಂಕಿಗಳನ್ನು ಬದಲಿಸಿದರೆ, ಗಂಡನ ಜಾಗದಲ್ಲಿ ಹೆಂಡತಿಯನ್ನು ಕೂರಿಸಿದರೆ, ಈ ದೃಶ್ಯ ಬಹಳ ಮನೆಗಳಿಗೆ ಒಪ್ಪುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ನೂರು ಮಂದಿಯಲ್ಲಿ ಸುಮಾರು 30 ಮಂದಿಗೆ ತೂಕ ಹೆಚ್ಚಾಗಿದೆ. ಗಂಡಸರಲ್ಲೂ ಹೆಂಗಸರಲ್ಲೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ 23ರ ಆಸುಪಾಸಿನಲ್ಲಿತ್ತು.

ಕಾಳಜಿ ಇರುವವರೇ ಹೆಚ್ಚು ಚುಚ್ಚಿ ಮಾತಾಡುವ ವಿಷಯ ಇದು. ಆದ್ದರಿಂದ ಏನು ಮಾಡಬೇಕು ಎನ್ನುವ ಮೊದಲು, ಚುಚ್ಚುಮಾತು ಏಕೆ ಫಲ ಕೊಡುವುದಿಲ್ಲ ಎಂದು ತಿಳಿದುಕೊಂಡರೆ ಒಳ್ಳೆಯದು.

ಬೈದರೆ ತೂಕ ಏರುತ್ತದೆ

ಇಂಗ್ಲೆಂಡಿನಲ್ಲಿ ಸುಮಾರು 2,900 ಮಂದಿಯನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ತಮ್ಮ ತೂಕದ ಕಾರಣಕ್ಕೆ ಜನ ತಮ್ಮನ್ನು ಕೀಳಾಗಿ ನಡೆಸಿಕೊಂಡರು ಎಂದು ಹೇಳಿದವರು ಆ ಅವಧಿಯಲ್ಲಿ ಸರಾಸರಿ ಒಂದು ಕಿಲೊದಷ್ಟು ದಪ್ಪಗಾಗಿದ್ದರು. ಅಂಥ ಅನುಭವ ಆಗದವರು ಮುಕ್ಕಾಲು ಕಿಲೊದಷ್ಟು ಇಳಿದಿದ್ದರು. ಅವಮಾನವಾದ ಮನಸ್ಸು ಸಮಾಧಾನ ಹುಡುಕುತ್ತದೆ, ಮನೆಯಲ್ಲಿ ಕೈಗೆಟಕುವ ಸಮಾಧಾನ ಹೆಚ್ಚಾಗಿ ತಿಂಡಿಯ ಡಬ್ಬದಲ್ಲೇ ಇರುತ್ತದೆ. ನಾಲ್ಕು ಜನರ ಎದುರು ನಡೆಯಲು, ಓಡಲು ನಾಚಿಕೆಯಾಗುತ್ತದೆ. ಮನೆಯವರ ಕಣ್ಣು ತಪ್ಪಿಸಿ ತಿನ್ನುವ ಅಭ್ಯಾಸವೂ ಇಲ್ಲಿಂದಲೇ ಹುಟ್ಟುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಬೇಕು. ತೂಕ ಒಬ್ಬರ ದೇಹದಲ್ಲಿ ಕಾಣಿಸಿಕೊಂಡರೂ ಅದನ್ನು ಬೆಳೆಸುವ ಅಭ್ಯಾಸಗಳು ಇಬ್ಬರವು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ 12,067 ಜನರ 32 ವರ್ಷಗಳ ದಾಖಲೆಗಳನ್ನು ಜಾಲಾಡಿದ ಸಂಶೋಧಕರು 2007ರಲ್ಲಿ ಹೇಳಿದ ಲೆಕ್ಕದಂತೆ, ಗಂಡ-ಹೆಂಡಿರಲ್ಲಿ ಒಬ್ಬರಿಗೆ ಬೊಜ್ಜು ಬಂದರೆ ಇನ್ನೊಬ್ಬರಿಗೂ ಬರುವ ಸಾಧ್ಯತೆ ಶೇ 37ರಷ್ಟು ಹೆಚ್ಚುತ್ತದೆ. ಒಂದೇ ಪಾತ್ರೆಯ ಅಡುಗೆ, ಒಂದೇ ಹೊತ್ತಿನ ಊಟ, ಒಂದೇ ಸೋಫಾ ಎಂದ ಮೇಲೆ ಇದರಲ್ಲಿ ಆಶ್ಚರ್ಯವಿಲ್ಲ.

ಸಂತೋಷದ ಸಂಗತಿಯೆಂದರೆ ಇಳಿಕೆಯೂ ಹೀಗೇ ಹರಡುತ್ತದೆ. ಅಮೆರಿಕದ 130 ಜೋಡಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿ ಜೋಡಿಯಲ್ಲೂ ಒಬ್ಬರನ್ನು ಮಾತ್ರ ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿಸಿಕೊಳ್ಳಲಾಗಿತ್ತು. ಆರು ತಿಂಗಳ ಬಳಿಕ ನೋಡಿದರೆ, ಯಾವ ಚಿಕಿತ್ಸೆಯನ್ನೂ ಪಡೆಯದೆ ಮನೆಯಲ್ಲೇ ಇದ್ದ ಸಂಗಾತಿಗಳಲ್ಲಿ ಮೂರನೇ ಒಂದು ಭಾಗದವರು ತಮ್ಮ ತೂಕದ ಶೇ 3ರಷ್ಟನ್ನಾದರೂ ಕಳೆದುಕೊಂಡಿದ್ದರು. ಯಾರೂ ಅವರಿಗೆ ಬುದ್ಧಿವಾದ ಹೇಳಿರಲಿಲ್ಲ. ಮನೆಯಲ್ಲಿ ಬೇಯುವುದು, ಬಡಿಸುವುದು ಬದಲಾಗಿತ್ತು, ಅಷ್ಟೇ.

ಮೊದಲು ಅಳತೆ

‘ದಪ್ಪ’ ಎನ್ನುವುದನ್ನು ಕಣ್ಣಳತೆಗೆ ಬಿಡಬೇಡಿ. ಕಿಲೊ ಲೆಕ್ಕದ ತೂಕವನ್ನು, ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ಮೇಲಿನ ವರದಿಯ ಗಂಡನಿಗೆ ಅದು 29.8. ಯುರೋಪಿನವರಿಗೆ 25 ದಾಟಿದರೆ ಹೆಚ್ಚು ತೂಕ, 30 ದಾಟಿದರೆ ಬೊಜ್ಜು. ಭಾರತೀಯರಿಗೆ ನಮ್ಮ ವೈದ್ಯರು ಇನ್ನೂ ಕೆಳಗೆ ಗೆರೆ ಎಳೆದಿದ್ದಾರೆ. 23ಕ್ಕೇ ಹೆಚ್ಚು ತೂಕ, 25ಕ್ಕೇ ಬೊಜ್ಜು.

ಏಕೆಂದರೆ ನಮ್ಮ ದೇಹದಲ್ಲಿ ಅದೇ ತೂಕಕ್ಕೆ ಕೊಬ್ಬಿನ ಪಾಲು ಹೆಚ್ಚು. ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಇದನ್ನು ತಮ್ಮ ಮೈಮೇಲೇ ತೋರಿಸಿಕೊಟ್ಟರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2! ಇಬ್ಬರೂ ಅಕ್ಕಪಕ್ಕ ನಿಂತ ಚಿತ್ರದೊಂದಿಗೆ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಅಚ್ಚಾಯಿತು.

ಹಾಗಾಗಿ ಸೊಂಟದ ಸುತ್ತಳತೆ ಇನ್ನೂ ಮುಖ್ಯ. ದರ್ಜಿಯ ಟೇಪನ್ನು ಪಕ್ಕೆಲುಬಿನ ಕೆಳತುದಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಅಳೆಯುವಾಗ ಇಬ್ಬರೂ ಅಳೆಸಿಕೊಳ್ಳಿ. ಬಹಳ ಮನೆಗಳಲ್ಲಿ ‘ನಾನು ಸರಿಯಿದ್ದೇನೆ’ ಎಂದುಕೊಂಡವರ ಅಳತೆಯೂ ಮಿತಿ ದಾಟಿರುತ್ತದೆ, ಆಮೇಲೆ ಮಾತಿನ ಧಾಟಿ ತಾನಾಗಿ ಬದಲಾಗುತ್ತದೆ.

ಗುರಿ ಎಷ್ಟಿರಬೇಕು? ಮದುವೆ ಆಲ್ಬಮ್ಮಿನ ಫೋಟೊ ಗುರಿಯಾಗಬೇಕಿಲ್ಲ. ಈಗಿನ ತೂಕದ ಶೇ 5ರಿಂದ 7ರಷ್ಟು ಇಳಿದರೂ ಯಕೃತ್ತಿನ ಕೊಬ್ಬು, ರಕ್ತದೊತ್ತಡ, ಸಕ್ಕರೆ ಸುಧಾರಿಸುತ್ತವೆ. 84 ಕಿಲೊದವರಿಗೆ ಅದು ನಾಲ್ಕರಿಂದ ಆರು ಕಿಲೊ, ಆರು ತಿಂಗಳ ಕೆಲಸ. ಅಮೆರಿಕದಲ್ಲಿ 2002ರಲ್ಲಿ ವರದಿಯಾದ ಮಧುಮೇಹ ತಡೆ ಪ್ರಯೋಗದಲ್ಲಿ ಶೇ 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ನಡಿಗೆಯನ್ನು ಗುರಿಯಾಗಿಟ್ಟುಕೊಂಡವರಲ್ಲಿ ಮಧುಮೇಹ ಬರುವ ಪ್ರಮಾಣ ಶೇ 58ರಷ್ಟು ತಗ್ಗಿತು. ಚೆನ್ನೈನ ಎ. ರಾಮಚಂದ್ರನ್ ಮತ್ತು ಸಂಗಡಿಗರು ನಮ್ಮವರ ಮೇಲೆಯೇ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಊಟ-ನಡಿಗೆ ಬದಲಿಸಿಕೊಂಡವರಲ್ಲಿ ಮಧುಮೇಹ ಶೇ 28.5ರಷ್ಟು ಕಡಿಮೆಯಾಯಿತು. ತಕ್ಕಡಿಯ ಮುಳ್ಳು ಅಲುಗದ ತಿಂಗಳಲ್ಲೂ ಒಳಗೆ ಒಳ್ಳೆಯದು ನಡೆಯುತ್ತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮನೆಯಲ್ಲಿ ಮಾಡಬೇಕಾದ್ದು

1. ಒಮ್ಮೆ ಮಾತಾಡಿ, ಸರಿಯಾಗಿ ಮಾತಾಡಿ.

ಊಟದ ತಟ್ಟೆಯ ಮುಂದೆ ಬೇಡ, ಮಕ್ಕಳು, ಅತ್ತೆ-ಮಾವಂದಿರ ಎದುರು ಬೇಡವೇ ಬೇಡ. ಭಾನುವಾರ ಬೆಳಗಿನ ಕಾಫಿಯ ಹೊತ್ತು, ಇಬ್ಬರೇ ಕಾರಿನಲ್ಲಿ ಹೋಗುವ ಹೊತ್ತು ಒಳ್ಳೆಯದು. ಕೇಳಿ ಶುರು ಮಾಡಿ. “ರೀ, ರಿಪೋರ್ಟ್ ಬಗ್ಗೆ ಸ್ವಲ್ಪ ಮಾತಾಡೋಣ್ವಾ? ಓದಿದಾಗಿಂದ ನನಗೆ ಹೆದರಿಕೆ ಆಗ್ತಿದೆ.” ಭಯವನ್ನು ಭಯವಾಗಿಯೇ ಹೇಳಿದರೆ ಎದುರಿನವರು ಕೇಳಿಸಿಕೊಳ್ಳುತ್ತಾರೆ. ‘ನೀವು ಹೀಗೆ, ನೀವು ಹಾಗೆ’ ಎಂದು ಶುರುವಾದರೆ ಗೋಡೆ ಏಳುತ್ತದೆ.

ಮುಂದಿನ ಮಾತು ಪ್ರಶ್ನೆಯಾಗಿರಲಿ: “ನಿಮಗೆ ಯಾವುದು ಸುಲಭ ಅನ್ಸುತ್ತೆ? ನಾನೇನು ಮಾಡಿದ್ರೆ ಅನುಕೂಲ ಆಗುತ್ತೆ?” ಕುಡಿತ ಬಿಡಿಸುವ ಆಪ್ತಸಲಹೆಯಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1980ರ ದಶಕದಲ್ಲಿ ರೂಪಿಸಿದ ಕ್ರಮದ ತಿರುಳು ಇದೇ. ಬದಲಾಗಬೇಕಾದ ಕಾರಣವನ್ನು ಬೇರೆಯವರು ಹೇಳಿದಾಗ ಮನುಷ್ಯ ವಾದಿಸುತ್ತಾನೆ. ತನ್ನ ಬಾಯಲ್ಲೇ ಹೇಳಿಕೊಂಡಾಗ ಒಪ್ಪುತ್ತಾನೆ. “ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತೆ ಕಣೇ” ಎಂದು ಅವರೇ ಅಂದರೆ, “ನಾನು ಆಗಲೇ ಹೇಳ್ಲಿಲ್ವಾ” ಎನ್ನದೆ ಸುಮ್ಮನೆ ಕೇಳಿ. ಆ ಒಂದು ಮೌನ ಬಹಳ ಕೆಲಸ ಮಾಡುತ್ತದೆ. ಒಮ್ಮೆ ಆಡಿದ ಮಾತನ್ನು ದಿನವೂ ಆಡಬೇಡಿ.

2. ಕಾಯಿಲೆಯ ಕಾರಣ ಇದೆಯೇ ನೋಡಿಸಿ.

ಎಲ್ಲ ತೂಕವೂ ತಿಂದು ಬಂದದ್ದಲ್ಲ. ಥೈರಾಯ್ಡ್ ಕೊರತೆ, ಪಿಸಿಒಎಸ್, ಮುಟ್ಟು ನಿಲ್ಲುವ ಕಾಲದ ಬದಲಾವಣೆ, ಸ್ಟೀರಾಯ್ಡ್, ಇನ್ಸುಲಿನ್, ಮನೋರೋಗಕ್ಕೆ ಕೊಡುವ ಕೆಲವು ಔಷಧಗಳು ತೂಕ ಹೆಚ್ಚಿಸುತ್ತವೆ. ಖಿನ್ನತೆ ಇದ್ದರಂತೂ ಏಳಲೇ ಮನಸ್ಸಿರುವುದಿಲ್ಲ, ಅಂಥವರಿಗೆ ‘ಸೋಮಾರಿ’ ಎಂಬ ಮಾತು ವಿಷ. ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಜೋರು ಗೊರಕೆ, ನಿದ್ದೆಯಲ್ಲಿ ನಡುನಡುವೆ ಉಸಿರು ನಿಂತಂತಾಗುವುದು, ಹಗಲು ಕುಳಿತಲ್ಲೇ ತೂಕಡಿಸುವುದು ಇದ್ದರೆ ವೈದ್ಯರಿಗೆ ಹೇಳಲೇಬೇಕು. ಪಕ್ಕದಲ್ಲಿ ಮಲಗುವ ನಿಮಗಲ್ಲದೆ ಇದು ಬೇರೆ ಯಾರಿಗೂ ಗೊತ್ತಾಗುವುದಿಲ್ಲ.

3. ಅಡುಗೆಮನೆಯ ಸಾಮಾನಿನ ಚೀಟಿಯಿಂದ ಆರಂಭಿಸಿ.

ಹೆಚ್ಚು ಫಲ ಸಿಗುವುದು ಇಲ್ಲೇ. ತಟ್ಟೆಯ ಮುಂದೆ ಕುಳಿತವರನ್ನು ತಡೆಯುವುದಕ್ಕಿಂತ, ತಟ್ಟೆಗೆ ಬರುವುದನ್ನು ಅಂಗಡಿಯಲ್ಲೇ ತೀರ್ಮಾನಿಸುವುದು ಸುಲಭ.

ಎಣ್ಣೆಯಿಂದ ಶುರು ಮಾಡೋಣ. ಒಂದು ಲೀಟರ್ ಎಣ್ಣೆಯಲ್ಲಿ ಸುಮಾರು 8,200 ಕ್ಯಾಲೊರಿ ಇದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಬರುತ್ತಿದ್ದರೆ, ತಲೆಗೆ ದಿನಕ್ಕೆ 270 ಕ್ಯಾಲೊರಿ ಎಣ್ಣೆಯೊಂದರಿಂದಲೇ. ಅದನ್ನು ಮೂರು ಲೀಟರ್‌ಗೆ ಇಳಿಸಿದರೆ ಒಬ್ಬೊಬ್ಬರಿಗೆ ದಿನಕ್ಕೆ 68 ಕ್ಯಾಲೊರಿ ಕಡಿಮೆಯಾಗುತ್ತದೆ. ಒಂದು ಕಿಲೊ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂದು ಹಿಡಿದರೆ, ವರ್ಷಕ್ಕೆ ಮೂರು ಕಿಲೊದ ಲೆಕ್ಕ. ದೇಹ ತನ್ನ ಖರ್ಚನ್ನೂ ತಗ್ಗಿಸಿಕೊಳ್ಳುವುದರಿಂದ ನಿಜದ ಇಳಿಕೆ ಇದಕ್ಕಿಂತ ಕಡಿಮೆ ಇರುತ್ತದೆ, ಆದರೂ ಯಾರ ನಾಲಿಗೆಗೂ ಗೊತ್ತಾಗದ ಬದಲಾವಣೆ ಇದು. ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕಿ. ತಿಂಗಳ ಎಣ್ಣೆಯನ್ನು ಒಂದನೇ ತಾರೀಕೇ ಬೇರೆ ತೆಗೆದಿಟ್ಟು, ಮುಗಿದರೆ ಮತ್ತೆ ತರುವುದಿಲ್ಲ ಎಂದು ಗೊತ್ತುಮಾಡಿಕೊಳ್ಳಿ.

ಆಮೇಲೆ ಸಕ್ಕರೆ. ದಿನಕ್ಕೆ ನಾಲ್ಕು ಲೋಟ ಕಾಫಿ-ಟೀ, ಲೋಟಕ್ಕೆ ಎರಡು ಚಮಚ ಎಂದರೆ 35 ಗ್ರಾಂ ಸಮೀಪ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಒಳ್ಳೆಯ ಮಿತಿ ಇಡೀ ದಿನಕ್ಕೆ 25 ಗ್ರಾಂ. ಹದಿನೈದು ದಿನಕ್ಕೊಮ್ಮೆ ಅರ್ಧ ಚಮಚ ಇಳಿಸುತ್ತ ಬಂದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಬೆಲ್ಲ, ಜೇನುತುಪ್ಪ ಹಾಕಿದರೆ ಏನೂ ಆಗದು ಎಂಬುದು ತಪ್ಪು. ಕ್ಯಾಲೊರಿಯ ಲೆಕ್ಕದಲ್ಲಿ ಅವೂ ಸಕ್ಕರೆಯೇ.

ಅನ್ನ ಬಿಡಿಸುವ ಹಟ ಬೇಡ. ಬಡಿಸುವ ಕ್ರಮ ಬದಲಿಸಿ ಸಾಕು. ಮದುವೆ ಮನೆಯ ಎಲೆಗೆ ಮೊದಲು ಕೋಸಂಬರಿ, ಪಲ್ಯ ಬರುವ ಹಾಗೆ ಮನೆಯಲ್ಲೂ ಮೊದಲು ಸೌತೆಕಾಯಿಯೋ ಹೆಸರುಬೇಳೆ ಕೋಸಂಬರಿಯೋ ಒಂದು ಬಟ್ಟಲು ಬರಲಿ, ಆಮೇಲೆ ಪಲ್ಯ, ಕಾಳಿನ ಹುಳಿ, ಕೊನೆಗೆ ಅನ್ನ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಹೇಳುವುದೂ ಇದನ್ನೇ. ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಬೇಕು, ಧಾನ್ಯಗಳಿಂದ ಬರುವ ಶಕ್ತಿ ಶೇ 45 ದಾಟಬಾರದು. ನಮ್ಮ ಸಾಮಾನ್ಯ ಊಟದಲ್ಲಿ ಧಾನ್ಯದ್ದೇ ದರ್ಬಾರು. ಹುರುಳಿಕಾಳು, ಹೆಸರುಕಾಳು, ಅವರೆಕಾಳು, ಮಜ್ಜಿಗೆ, ತಿನ್ನುವವರಾದರೆ ಮೊಟ್ಟೆ, ಮೀನು ಹೆಚ್ಚಿದಂತೆ ಹೊಟ್ಟೆ ಬೇಗ ತುಂಬುತ್ತದೆ, ಅನ್ನದ ಪಾಲು ತಾನಾಗಿ ಇಳಿಯುತ್ತದೆ.

ರಾಗಿಯ ಬಗ್ಗೆ ಒಂದು ಮಾತು. ನೂರು ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಹಾಗಾಗಿ ಮುದ್ದೆ ಒಳ್ಳೆಯದು. ಆದರೆ ಕ್ಯಾಲೊರಿಯಲ್ಲಿ ಎರಡಕ್ಕೂ ದೊಡ್ಡ ಅಂತರವಿಲ್ಲ. ‘ರಾಗಿ ತಾನೇ’ ಎಂದು ಎರಡು ದೊಡ್ಡ ಮುದ್ದೆ ನುಂಗಿದರೆ ಲೆಕ್ಕ ತಪ್ಪುತ್ತದೆ. ಸಿರಿಧಾನ್ಯಕ್ಕೂ ಇದೇ ಮಾತು.

ಸಂಜೆ ಐದರಿಂದ ಏಳರ ಹೊತ್ತು ಅತಿ ಕಷ್ಟದ್ದು. ಕೆಲಸ ಮುಗಿಸಿ, ಟ್ರಾಫಿಕ್ಕಿನಲ್ಲಿ ಬೆಂದು ಬಂದವರಿಗೆ ಕಣ್ಣಿಗೆ ಕಂಡದ್ದೇ ತಿಂಡಿ. ಆ ಹೊತ್ತಿಗೆ ಉಸಲಿಯೋ ಹಣ್ಣೋ ಮಜ್ಜಿಗೆಯೋ ಸಿದ್ಧವಿದ್ದರೆ ಬೋಂಡಾ, ಚಿಪ್ಸ್ ನೆನಪಾಗುವುದಿಲ್ಲ. ಚಕ್ಕುಲಿ, ಕೋಡುಬಳೆಯನ್ನು ಗಾಜಿನ ಡಬ್ಬದಿಂದ ಸ್ಟೀಲ್ ಡಬ್ಬಕ್ಕೆ, ಕೆಳಗಿನ ಕಪಾಟಿನಿಂದ ಮೇಲಿನದಕ್ಕೆ ವರ್ಗಾಯಿಸಿ. ಸಣ್ಣ ಕೆಲಸವೆನಿಸಿದರೂ ಕಣ್ಣಿಗೆ ಬೀಳದ್ದನ್ನು ಕೈ ಹುಡುಕುವುದು ಕಡಿಮೆ. ತರದೇ ಇದ್ದರೆ ಇನ್ನೂ ಒಳ್ಳೆಯದು.

4. ಒತ್ತಾಯ ಮಾಡಿ ಬಡಿಸುವುದನ್ನು ನಿಲ್ಲಿಸಿ.

“ಇನ್ನೊಂಚೂರು ಹಾಕ್ಕೊಳಿ, ಇಷ್ಟೇ ಉಳಿದಿರೋದು, ಮುಗಿಸಿಬಿಡಿ.” ಪ್ರೀತಿಯಿಂದ ಆಡುವ ಈ ಮಾತು ದಿನಕ್ಕೆ ಒಂದು ಹಿಡಿ ಅನ್ನ ಹೆಚ್ಚಿಸುತ್ತದೆ. ಪಾತ್ರೆ ಒಲೆಯ ಹತ್ತಿರವೇ ಇರಲಿ, ಬೇಕಾದವರು ಎದ್ದು ಹಾಕಿಕೊಳ್ಳಲಿ. ಉಳಿದದ್ದು ಫ್ರಿಜ್ಜಿಗೆ ಹೋಗಲಿ. ಮಕ್ಕಳ ತಟ್ಟೆಯಲ್ಲಿ ಬಿಟ್ಟ ದೋಸೆ ಚೂರು, ಪಾತ್ರೆ ತಳದ ಚಿತ್ರಾನ್ನ ‘ಹಾಳಾಗಬಾರದು’ ಎಂದು ತಿನ್ನುವ ತಾಯಂದಿರು ಎಷ್ಟು ಮಂದಿ! ಅವರ ಹೊಟ್ಟೆ ಕಸದ ಬುಟ್ಟಿಯಲ್ಲ. ಅಳತೆಗೆ ಕಡಿಮೆ ಬೇಯಿಸುವುದೇ ಇದಕ್ಕೆ ದಾರಿ.

5. ಜೊತೆಗೆ ನಡೆಯಿರಿ.

‘ವಾಕಿಂಗ್ ಹೋಗಿ’ ಮತ್ತು ‘ವಾಕಿಂಗ್ ಹೋಗೋಣ ಬನ್ನಿ’ ಇವೆರಡರ ನಡುವೆ ಬಹಳ ದೂರವಿದೆ. ಇಂಗ್ಲೆಂಡಿನಲ್ಲಿ 50 ದಾಟಿದ 3,722 ಜೋಡಿಗಳನ್ನು ಗಮನಿಸಿ 2015ರಲ್ಲಿ ವರದಿ ಮಾಡಿದ ಸಂಶೋಧಕರಿಗೆ ಕಂಡದ್ದೂ ಇದೇ. ಧೂಮಪಾನ ಬಿಡುವುದಿರಲಿ, ವ್ಯಾಯಾಮವಿರಲಿ, ತೂಕವಿರಲಿ, ಸಂಗಾತಿಯೂ ಜೊತೆಗೇ ಬದಲಾದಾಗ ಯಶಸ್ಸು ಹೆಚ್ಚು. ಸಂಗಾತಿ ಮೊದಲಿನಿಂದಲೂ ಆರೋಗ್ಯವಾಗಿದ್ದುದಕ್ಕಿಂತಲೂ, ಇಬ್ಬರೂ ಒಟ್ಟಿಗೆ ಬದಲಾದದ್ದು ಹೆಚ್ಚು ಸಹಾಯ ಮಾಡಿತ್ತು.

ರಾತ್ರಿ ಊಟವಾದ ಮೇಲೆ ಹತ್ತು-ಹದಿನೈದು ನಿಮಿಷದಿಂದ ಶುರುವಾಗಲಿ. ಊಟದ ಬಳಿಕದ ನಡಿಗೆ ರಕ್ತದ ಸಕ್ಕರೆ ಒಮ್ಮೆಲೇ ಏರುವುದನ್ನು ತಡೆಯುತ್ತದೆ. ವಾರಕ್ಕೆ 150 ನಿಮಿಷ ಮುಟ್ಟುವುದು ಗುರಿ, ಜೊತೆಗೆ ವಾರಕ್ಕೆರಡು ದಿನ ಸ್ನಾಯುಗಳಿಗೆ ಭಾರ ಬೀಳುವ ವ್ಯಾಯಾಮ. ಮನೆಯಲ್ಲೇ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದರಿಂದಲೂ ಆರಂಭಿಸಬಹುದು. ನಡಿಗೆಯಿಂದ ಮಾತ್ರವೇ ತೂಕ ಇಳಿಯುತ್ತದೆ ಎಂದು ನಂಬಿಸಬೇಡಿ. ಅರ್ಧ ಗಂಟೆ ಬಿರುಸಾಗಿ ನಡೆದರೆ ಕರಗುವುದು ಸುಮಾರು 120ರಿಂದ 150 ಕ್ಯಾಲೊರಿ, ವಾಪಸು ಬರುವಾಗ ದರ್ಶಿನಿಯಲ್ಲಿ ತಿನ್ನುವ ಒಂದು ಮಸಾಲೆ ದೋಸೆಯದ್ದು ಅದರ ಎರಡು ಪಟ್ಟಿಗೂ ಹೆಚ್ಚು. ನಡಿಗೆಯ ನಿಜವಾದ ಉಪಕಾರ ಹೃದಯಕ್ಕೆ, ಸಕ್ಕರೆಗೆ, ನಿದ್ದೆಗೆ, ಮನಸ್ಸಿಗೆ. ಇಳಿದ ತೂಕ ಮತ್ತೆ ಏರದಂತೆ ಕಾಯುವುದಕ್ಕೂ ಅದು ಬೇಕು.

6. ತೂಕ ಹೆಂಡತಿಯದಾದರೆ, ಅವಳಿಗೆ ಬೇಕಾಗಿರುವುದು ಸಮಯ.

ಇದನ್ನು ಗಂಡಂದಿರು ಎರಡು ಸಲ ಓದಬೇಕು. ಗಂಡನ ತೂಕ ಹೆಚ್ಚಾದರೆ ಹೆಂಡತಿ ಅಡುಗೆ ಬದಲಿಸುತ್ತಾಳೆ, ಡಬ್ಬಿ ಕಟ್ಟುತ್ತಾಳೆ, ಬೇಗ ಎಬ್ಬಿಸಿ ಕಳಿಸುತ್ತಾಳೆ. ಹೆಂಡತಿಯ ತೂಕ ಹೆಚ್ಚಾದರೆ ಗಂಡ ಹೆಚ್ಚೆಂದರೆ ಜಿಮ್‌ಗೆ ದುಡ್ಡು ಕಟ್ಟುತ್ತಾನೆ. ಹೋಗಲು ಅವಳಿಗೆ ಹೊತ್ತೆಲ್ಲಿದೆ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಮಹಿಳೆ ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾಳೆ, ಪುರುಷ 88 ನಿಮಿಷ. ಮನೆಗೆಲಸಕ್ಕೆ ಕೈಯನ್ನೇ ಹಾಕದ ಗಂಡಸರು ಈ ಸರಾಸರಿಯಲ್ಲಿ ಸೇರಿಲ್ಲ.

ಬೆಳಗ್ಗೆ ಐದೂವರೆಗೆ ಎದ್ದು ತಿಂಡಿ, ಡಬ್ಬಿ, ಮಕ್ಕಳ ಸ್ಕೂಲ್ ವ್ಯಾನು ಮುಗಿಸಿ, ತಾನು ಒಂಬತ್ತೂವರೆಗೆ ನಿಂತುಕೊಂಡೇ ತಿಂದು, ರಾತ್ರಿ ಎಲ್ಲರಿಗೂ ಬಡಿಸಿ ಹತ್ತಕ್ಕೆ ಊಟ ಮಾಡುವವಳಿಗೆ ಡಯಟ್ ಪಟ್ಟಿ ಕೊಟ್ಟರೆ ಅದು ಇನ್ನೊಂದು ಕೆಲಸವಾಗುತ್ತದೆ. ಅವಳಿಗೊಂದು, ಉಳಿದವರಿಗೊಂದು ಅಡುಗೆ ಎಂದರೆ ನಾಲ್ಕೇ ದಿನದಲ್ಲಿ ತನ್ನದನ್ನು ಕೈಬಿಡುತ್ತಾಳೆ.

ಹಾಗಾದರೆ ಗಂಡ ಮಾಡಬೇಕಾದ್ದೇನು? ಬೆಳಗಿನ ಒಂದು ಗಂಟೆಯನ್ನು ಅವಳ ಹೆಸರಿಗೆ ಬರೆದುಕೊಡಬೇಕು. “ಆರರಿಂದ ಏಳು ನಿಂದು. ಮಕ್ಕಳ ಹಾಲು, ತಿಂಡಿ ನಾನು ನೋಡ್ಕೋತೀನಿ, ನೀನು ಹೋಗಿ ಬಾ” ಎಂದು ಹೇಳಿ, ಹೇಳಿದಂತೆ ನಡೆಯಬೇಕು. ತರಕಾರಿ ತಂದು ಹೆಚ್ಚಿಡುವುದು, ರಾತ್ರಿ ಎಂಟಕ್ಕೇ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವುದು, ಪಾತ್ರೆ ತೊಳೆಯುವುದು ಇವೆಲ್ಲ ತೂಕ ಇಳಿಸುವ ಕೆಲಸಗಳೇ. ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ತೂಕದ ಮಾತನ್ನೇ ಎತ್ತಬೇಡಿ. ಆಗ ಅವಳಿಗೆ ಬೇಕಾದ್ದು ನಿದ್ದೆ.

7. ಹಿರಿಯರನ್ನೂ ಹಬ್ಬವನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೂಡುಕುಟುಂಬದಲ್ಲಿ ಸೊಸೆ ಎಣ್ಣೆ ಕಡಿಮೆ ಮಾಡಿದರೆ “ನನ್ನ ಮಗ ಸೊರಗಿಹೋದ” ಎಂಬ ಮಾತು ಬರುವುದುಂಟು. ಅಲ್ಲಿ ಮಾತಾಡಬೇಕಾದವನು ಮಗ. “ಅಮ್ಮಾ, ಡಾಕ್ಟ್ರು ಹೇಳಿದಾರೆ, ನಾನೇ ಕಮ್ಮಿ ಹಾಕಕ್ಕೆ ಹೇಳಿದ್ದು” ಎಂಬ ಒಂದೇ ವಾಕ್ಯ ಸಾಕು. ಯುಗಾದಿಯ ಹೋಳಿಗೆ, ಗೌರಿ-ಗಣೇಶದ ಕಡುಬು ಹಬ್ಬದ ದಿನ ಧಾರಾಳವಾಗಿ ತಿನ್ನಲಿ. ತೂಕ ಏರಿಸುವುದು ಆ ಒಂದು ದಿನವಲ್ಲ, ಆಮೇಲೆ ವಾರವಿಡೀ ಉಳಿಯುವ ಸ್ವೀಟ್ ಬಾಕ್ಸುಗಳು. ಅವನ್ನು ಮರುದಿನವೇ ಹಂಚಿಬಿಡಿ.

8. ವಾರಕ್ಕೊಮ್ಮೆ ತೂಗಿ, ಬೇರೆಯದನ್ನೂ ಗಮನಿಸಿ.

ಪ್ರತಿ ವಾರ ಒಂದೇ ದಿನ, ಒಂದೇ ಹೊತ್ತು, ಅವರೇ ತೂಗಿಕೊಳ್ಳಲಿ. ನೀವು ಹಿಂದೆ ನಿಂತು ಇಣುಕಬೇಡಿ. ವಾರಕ್ಕೆ ಅರ್ಧ ಕಿಲೊ ಇಳಿದರೆ ಬಹಳ ಚೆನ್ನಾಯಿತು. ಎರಡು-ಮೂರು ತಿಂಗಳಾದ ಮೇಲೆ ಮುಳ್ಳು ಒಂದೇ ಕಡೆ ನಿಲ್ಲುವುದು ಸಹಜ, ಆಗಲೇ ಹೆಚ್ಚಿನವರು ಕೈಚೆಲ್ಲುವುದು. ಆಗ “ಬೆಲ್ಟಿನ ಒಂದು ತೂತು ಹಿಂದೆ ಬಂದಿದೀರಿ, ಗೊರಕೆ ಕಮ್ಮಿಯಾಗಿದೆ” ಎಂದು ನೀವು ಕಂಡದ್ದನ್ನು ಹೇಳಿ. ಮಾಡಿದ ಕೆಲಸವನ್ನು ಮೆಚ್ಚಿ. ‘ಈಗ ನೋಡಕ್ಕೆ ಪರವಾಗಿಲ್ಲ’ ಎಂಬ ಮೆಚ್ಚುಗೆ ಹಳೆಯ ಗಾಯ ಕೆದಕುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹೋಲಿಕೆ ಇವುಗಳಲ್ಲಿ ಮೊದಲನೆಯದು. “ನಿನ್ನ ತಂಗೀನ ನೋಡು, ಎರಡು ಮಕ್ಕಳಾದ್ರೂ ಹೇಗಿದಾಳೆ” ಎಂಬ ಮಾತನ್ನು ಯಾವ ಹೆಂಡತಿಯೂ ಮರೆಯುವುದಿಲ್ಲ. ‘ಡುಮ್ಮಿ’, ‘ಗುಂಡಪ್ಪ’ ಎಂಬ ಮುದ್ದಿನ ಹೆಸರುಗಳೂ ಹಾಗೆಯೇ. ಕರೆಯುವವರಿಗೆ ತಮಾಷೆ, ಕರೆಸಿಕೊಳ್ಳುವವರು ನಗುತ್ತಲೇ ನೋಯುತ್ತಾರೆ.

ಎರಡನೆಯದು ಪೊಲೀಸ್ ಕೆಲಸ. ಕ್ಯಾಂಟೀನಿನಲ್ಲಿ ಏನು ತಿಂದಿರಿ ಎಂದು ವಿಚಾರಿಸುವುದು, ಫೋನಿನಲ್ಲಿ ಆರ್ಡರ್ ಮಾಡಿದ ತಿಂಡಿಯ ಪಟ್ಟಿ ತೆಗೆದು ನೋಡುವುದು. ಇದರಿಂದ ತಿನ್ನುವುದು ನಿಲ್ಲುವುದಿಲ್ಲ, ಹೇಳುವುದು ನಿಲ್ಲುತ್ತದೆ.

ಒಬ್ಬರಿಗೆ ಓಟ್ಸ್ ಗಂಜಿ ಕೊಟ್ಟು ಪಕ್ಕದಲ್ಲೇ ಉಳಿದವರು ಪೂರಿ-ಸಾಗು ತಿನ್ನುವುದು ಇನ್ನೊಂದು ತಪ್ಪು. ಒಂದು ದಿನ ತಪ್ಪಿ ಹೆಚ್ಚು ತಿಂದರೆ ‘ಎಲ್ಲಾ ಹಾಳಾಯ್ತು’ ಎನ್ನುವುದೂ ಅಷ್ಟೇ. ಮುಂದಿನ ಊಟದಿಂದ ಮತ್ತೆ ಶುರು ಮಾಡಿದರಾಯಿತು.

ಎಚ್ಚರಿಕೆ

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟವನ್ನು ಒಮ್ಮೆಲೇ ಇಳಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಉಪವಾಸದ ಕ್ರಮಗಳನ್ನು ವೈದ್ಯರಿಗೆ ಹೇಳದೆ ಶುರು ಮಾಡಲೇಬಾರದು. ಬಿ.ಪಿ. ಮಾತ್ರೆಯ ಪ್ರಮಾಣವನ್ನೂ ತೂಕ ಇಳಿದಂತೆ ವೈದ್ಯರು ನೋಡಬೇಕಾಗುತ್ತದೆ. ನಡೆಯುವಾಗ ಎದೆ ಹಿಡಿದಂತಾದರೆ, ವಿಪರೀತ ಏದುಸಿರು ಬಂದರೆ ಅಲ್ಲಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು, ಹಾಲೂಡಿಸುವವರು ತೂಕ ಇಳಿಸುವ ಪಥ್ಯ ಮಾಡಬಾರದು.

‘ತಿಂಗಳಿಗೆ ಹತ್ತು ಕಿಲೊ’ ಎಂದು ಮಾರುವ ಪುಡಿ, ಕಷಾಯ, ಶೇಕ್‌ಗಳಿಂದ ದೂರವಿರಿ. ಅವುಗಳಲ್ಲಿ ಏನಿದೆ ಎಂದು ಮಾರುವವರಿಗೇ ಗೊತ್ತಿರುವುದಿಲ್ಲ. 2025ರಲ್ಲಿ ತೂಕ ಇಳಿಸುವ ಚುಚ್ಚುಮದ್ದುಗಳಾದ ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಭಾರತದ ಮಾರುಕಟ್ಟೆಗೆ ಬಂದಿವೆ. ಅವು ನಿಜವಾದ ಔಷಧಗಳು, ಕೆಲವರಿಗೆ ಬೇಕಾಗಿಯೂ ಇರುತ್ತವೆ. ಆದರೆ ವೈದ್ಯರ ಚೀಟಿ ಮತ್ತು ನಿಗಾ ಇಲ್ಲದೆ, ಜಿಮ್ಮಿನಲ್ಲಿ ಯಾರೋ ಕೊಟ್ಟರೆಂದು ಚುಚ್ಚಿಸಿಕೊಳ್ಳುವಂಥವಲ್ಲ. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಗಮನಿಸಿದ ಅಧ್ಯಯನದಲ್ಲಿ, ಇಳಿದ ತೂಕದ ಮೂರನೇ ಎರಡು ಭಾಗ ಒಂದು ವರ್ಷದಲ್ಲೇ ಮರಳಿತ್ತು. ಔಷಧ ತೆಗೆದುಕೊಂಡರೂ ಮನೆಯ ಊಟ ಬದಲಾಗಲೇಬೇಕು.

ಕದ್ದು ತಿನ್ನುವುದು, ತಿಂದದ್ದನ್ನು ವಾಂತಿ ಮಾಡಿಕೊಳ್ಳುವುದು, ದಿನಗಟ್ಟಲೆ ಉಪವಾಸ ಕೂರುವುದು ಕಂಡುಬಂದರೆ ತೂಕದ ವಿಷಯ ಬದಿಗಿಟ್ಟು ಮನೋವೈದ್ಯರನ್ನು ಕಾಣಿ.

ಅವರು ಒಪ್ಪದೇ ಹೋದರೆ

ಎಲ್ಲ ಮಾಡಿದರೂ “ನನ್ನ ದೇಹ, ನನ್ನಿಷ್ಟ” ಎಂಬ ಉತ್ತರ ಬರಬಹುದು. ಅದು ಅವರ ಹಕ್ಕು. ಆಗ ನಿಮ್ಮ ಕೈಯಲ್ಲಿರುವುದನ್ನು ಮಾಡಿ: ಸಾಮಾನಿನ ಚೀಟಿ ಬದಲಿಸಿ, ನಿಮ್ಮ ತಟ್ಟೆಗೆ ಮೊದಲು ಕೋಸಂಬರಿ ಹಾಕಿಕೊಳ್ಳಿ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಗೆ ಇಬ್ಬರೂ ಹೋಗುವ ದಿನ ಗೊತ್ತುಮಾಡಿ. ಪ್ರೀತಿಗೆ ತೂಕದ ಷರತ್ತು ಹಾಕಬೇಡಿ.

ಇವತ್ತು ರಾತ್ರಿ ಊಟವಾದ ಮೇಲೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, “ಹದಿನೈದು ನಿಮಿಷ, ಆ ತಿರುವಿನವರೆಗೆ ಬರ್ತೀರಾ?” ಎಂದು ಕೇಳಿ. ಬಂದರೆ ತೂಕದ ಮಾತು ಬಿಟ್ಟು ಬೇರೆ ಏನಾದರೂ ಮಾತಾಡಿ. ಬರದಿದ್ದರೆ ನೀವೊಬ್ಬರೇ ಹೋಗಿ ಬನ್ನಿ, ನಾಳೆ ಮತ್ತೆ ಕೇಳಿ.